ಚಾರ್ಲ್ಸ್ ಬ್ಯಾಬೇಜನ ಮುಗಿಯದ ಯಂತ್ರ

ಗಣಕಯಂತ್ರದ ಹೆಸರನ್ನು ಕೇಳದ ವಿದ್ಯಾರ್ಥಿಯು ಇಂದು ಇರಲಾರನು. ಬ್ಯಾಂಕು, ಅಂಚೆಯ ಕಚೇರಿ, ರೈಲ್ವೆಯ ಟಿಕೆಟು ಕಿಟಕಿ, ಆಸ್ಪತ್ರೆ, ಕಡೆಗೆ ಹಿರಿಯರ ಕಿಸೆಯಲ್ಲಿರುವ ಫೋನು, ಎಲ್ಲೆಲ್ಲಿಯೂ ಅದರದೇ ಕಾರುಬಾರು. ಆದರೆ ಈ ಯಂತ್ರದ ಪಿತಾಮಹನೆಂದು ಲೋಕವು ಯಾರನ್ನು ಗೌರವಿಸುತ್ತದೆಯೋ ಆತನು ತನ್ನ ಎಪ್ಪತ್ತೊಂಬತ್ತು ವರ್ಷಗಳ ಆಯುಷ್ಯದಲ್ಲಿ ಇಂಥ ಒಂದು ಯಂತ್ರವನ್ನೂ ಪೂರ್ತಿಯಾಗಿ ಕಟ್ಟಿ ಮುಗಿಸಲಿಲ್ಲವೆಂದರೆ ನೀವು ನಂಬುವಿರಾ? ಆತನು ಸೋಮಾರಿಯಾಗಿರಲಿಲ್ಲ. ಬಡವನೂ ಆಗಿರಲಿಲ್ಲ. ಬುದ್ಧಿಯಲ್ಲಿ ಆತನಿಗೆ ಸರಿದೊರೆಯಾದವರು ಆ ಕಾಲದ ಇಂಗ್ಲೆಂಡಿನಲ್ಲಿ ಕೆಲವರು ಮಾತ್ರವೇ ಇದ್ದರು.

ಈ ವರ್ಷ ನಾವು ಬ್ಯಾಬೇಜನ ಚರಿತ್ರೆಯನ್ನು ಆರಿಸಿಕೊಂಡುದಕ್ಕೆ ಕಾರಣವೊಂದುಂಟು. ಶಾಲೆಯ ವಸ್ತುಪ್ರದರ್ಶನದ ಮುನ್ನಾದಿನ ನಾವು ತಪ್ಪದೆ ಕಾಣುವ ನೋಟವೊಂದಿದೆ. ಕೆಲವರು ಮಾಡಿದ ಮಾದರಿಗಳು ಓರೆಕೋರೆಯಾಗಿದ್ದರೂ ಮೇಜಿನ ಮೇಲೆ ಬಂದು ಕುಳಿತಿರುತ್ತವೆ. ಇನ್ನು ಕೆಲವರು, ಬಹುಮಟ್ಟಿಗೆ ಇವರೇ ತರಗತಿಯ ಜಾಣರು, ಮೂರು ಸಲ ಅಂಟಿಸಿದ ರಟ್ಟನ್ನು ಕಿತ್ತು ನಾಲ್ಕನೆಯ ಸಲ ಅಂಟಿಸುತ್ತಿರುತ್ತಾರೆ. ಮರುದಿನ ಅವರ ಮೇಜು ಬರಿದು. ಇವರಿಬ್ಬರಲ್ಲಿ ಯಾರನ್ನು ಮೆಚ್ಚಬೇಕೆಂಬುದು ನಮಗೆ ಎಂದೂ ಸುಲಭವಾಗಿ ತೋರಿಲ್ಲ. ಬ್ಯಾಬೇಜನ ಬಾಳನ್ನು ಓದಿದ ಮೇಲಂತೂ ಅದು ಇನ್ನಷ್ಟು ಕಠಿಣವಾಗಿದೆ.

ಚಾರ್ಲ್ಸ್ ಬ್ಯಾಬೇಜನು 1791ನೆಯ ಇಸವಿ ಡಿಸೆಂಬರ್ 26ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯು ಬ್ಯಾಂಕಿನ ವ್ಯವಹಾರದವನು, ಸ್ಥಿತಿವಂತ. ಬಾಲಕನ ಪ್ರಕೃತಿ ಮಾತ್ರ ಸೂಕ್ಷ್ಮವಾಗಿತ್ತು. ಕೈಗೆ ಹೊಸ ಆಟಿಕೆಯೊಂದು ಬಂದರೆ ಅದರೊಳಗೆ ಏನಿದೆಯೆಂದು ಕೇಳುವುದು, ಉತ್ತರ ಸಮರ್ಪಕವಾಗದಿದ್ದರೆ ಒಡೆದು ನೋಡುವುದು, ಇದು ಆತನ ಸ್ವಭಾವ. ಒಮ್ಮೆ ತಾಯಿಯು ಆತನನ್ನು ಮರ್ಲಿನ್ ಎಂಬ ಯಂತ್ರಶಿಲ್ಪಿಯ ಪ್ರದರ್ಶನಕ್ಕೆ ಕರೆದೊಯ್ದಳು. ಅಲ್ಲಿ ಒಂದು ಅಡಿಯಷ್ಟೇ ಎತ್ತರದ ಬೆಳ್ಳಿಯ ನರ್ತಕಿಯೊಂದು ಕೀಲಿಯ ಬಲದಿಂದ ಕುಣಿಯುತ್ತಿತ್ತು. ಅದರ ಬೆರಳ ಮೇಲೆ ಕುಳಿತ ಹಕ್ಕಿಯು ರೆಕ್ಕೆ ಬಡಿಯುತ್ತಿತ್ತು. ಬಾಲಕನು ಅದನ್ನು ಮರೆಯಲಿಲ್ಲ. ದಶಕಗಳ ಬಳಿಕ, 1834ರಲ್ಲಿ, ಅದೇ ಬೊಂಬೆ ಕೆಟ್ಟುಹೋದ ಸ್ಥಿತಿಯಲ್ಲಿ ಲಿಲಾವಿಗೆ ಬಂದಾಗ ಅದನ್ನು ಕೊಂಡು ತಂದು, ಕೈಯಾರೆ ಸರಿಪಡಿಸಿ ತನ್ನ ದಿವಾನಖಾನೆಯಲ್ಲಿ ಇರಿಸಿದನು. ಆ ಬೊಂಬೆಯ ಕೆಲಸವನ್ನು ಆತನು ಪೂರ್ತಿಗೊಳಿಸಿದನೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

1810ರಲ್ಲಿ ಬ್ಯಾಬೇಜನು ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿಯ ಗಣಿತ ಶಿಕ್ಷಣವು ಆತನಿಗೆ ಹಳತಾಗಿ ತೋರಿತು. ಜಾನ್ ಹರ್ಷೆಲ್, ಜಾರ್ಜ್ ಪೀಕಾಕ್ ಮೊದಲಾದ ಗೆಳೆಯರೊಡನೆ ಸಂಘವೊಂದನ್ನು ಕಟ್ಟಿ ಯುರೋಪಿನ ಹೊಸ ಗಣಿತವನ್ನು ಇಂಗ್ಲೆಂಡಿಗೆ ತರಲು ಹೆಣಗಿದನು. 1814ರಲ್ಲಿ ಪದವಿ, ಅದೇ ವರ್ಷ ಜಾರ್ಜಿಯಾನಾ ಎಂಬವಳೊಡನೆ ವಿವಾಹ. ಎರಡೇ ವರ್ಷಗಳಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು.

ಆತನ ಬಾಳಿನ ದಿಕ್ಕನ್ನು ತಿರುಗಿಸಿದ ಘಟನೆ ನಡೆದುದು 1821ರಲ್ಲಿ. ಖಗೋಲ ಸಂಘಕ್ಕಾಗಿ ಸಿದ್ಧಪಡಿಸಿದ್ದ ಗಣಿತ ಕೋಷ್ಟಕಗಳನ್ನು ಬ್ಯಾಬೇಜನೂ ಹರ್ಷೆಲನೂ ಎದುರುಬದುರು ಕುಳಿತು ತಾಳೆ ನೋಡುತ್ತಿದ್ದರು. ಇಬ್ಬರು ಲೆಕ್ಕಿಗರು ಪ್ರತ್ಯೇಕವಾಗಿ ಮಾಡಿದ ಲೆಕ್ಕಗಳು ಅವು. ಸಾಲು ಸಾಲಿಗೂ ತಪ್ಪು. ಬೇಸತ್ತ ಬ್ಯಾಬೇಜನು ಈ ಲೆಕ್ಕವನ್ನೆಲ್ಲ ಉಗಿಯ ಬಲವೇ ಮಾಡುವಂತಿದ್ದರೆ ಎಂದು ಉದ್ಗರಿಸಿದನು. ಹರ್ಷೆಲನು ಅದು ಅಸಾಧ್ಯವಲ್ಲವೆಂದನು. ಮಾತು ಅಲ್ಲಿಗೇ ನಿಲ್ಲಲಿಲ್ಲ.

ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಏನಾದೀತು ಎಂದು ನೀವು ಕೇಳಬಹುದು. ಲಾಗ್ ಟೇಬಲ್ ಪುಸ್ತಕವನ್ನು ನಿಮ್ಮ ಅಣ್ಣ ಅಕ್ಕಂದಿರ ಕೈಯಲ್ಲಿ ಕಂಡಿರಬಹುದು. ಆ ಕಾಲದಲ್ಲಿ ನಡುಗಡಲಿನ ನಾವಿಕನು ತನ್ನ ಹಡಗು ಎಲ್ಲಿದೆಯೆಂದು ತಿಳಿಯಲು ಇಂಥ ಪುಸ್ತಕಗಳನ್ನೇ ನಂಬಬೇಕಾಗಿತ್ತು. ವಿಮೆಯವನು, ಭೂಮಾಪಕನು, ಎಂಜಿನಿಯರನು, ಎಲ್ಲರಿಗೂ ಅವೇ ಆಧಾರ. 1834ರಲ್ಲಿ ಲಾರ್ಡ್‌ನರ್ ಎಂಬ ವಿದ್ವಾಂಸನು ನಲವತ್ತು ಕೋಷ್ಟಕ ಗ್ರಂಥಗಳನ್ನು ಪರೀಕ್ಷಿಸಿದಾಗ ಪ್ರಕಾಶಕರೇ ಒಪ್ಪಿಕೊಂಡು ತಿದ್ದುಪಡಿ ಕೊಟ್ಟಿದ್ದ ತಪ್ಪುಗಳು 3,700ಕ್ಕೂ ಮಿಕ್ಕಿದ್ದುವು. ಕಾಣದೆ ಉಳಿದವನ್ನು ಎಣಿಸುವವರಾರು?

ಬ್ಯಾಬೇಜನು ಹಿಡಿದ ಉಪಾಯವು ಬಲು ಸರಳವಾದುದು. ನೀವೂ ಮಾಡಿ ನೋಡಬಹುದು. 1, 4, 9, 16, 25 ಎಂಬ ವರ್ಗಸಂಖ್ಯೆಗಳನ್ನು ಬರೆಯಿರಿ. ಒಂದೊಂದರ ನಡುವಣ ಅಂತರವನ್ನು ಕೆಳಗೆ ಬರೆಯಿರಿ: 3, 5, 7, 9. ಈ ಅಂತರಗಳ ಅಂತರವನ್ನು ಮತ್ತೆ ಬರೆದರೆ 2, 2, 2. ಇನ್ನು ಮುಂದಿನ ವರ್ಗವು ಬೇಕಾದರೆ ಗುಣಾಕಾರ ಬೇಕಿಲ್ಲ. 9ಕ್ಕೆ 2 ಕೂಡಿಸಿದರೆ 11. 25ಕ್ಕೆ 11 ಕೂಡಿಸಿದರೆ 36. ಎಷ್ಟು ಮುಂದೆ ಹೋದರೂ ಬರಿಯ ಕೂಡಿಕೆಯೇ ಸಾಕು. ಕೂಡಿಸುವುದನ್ನಾದರೋ ಹಲ್ಲುಗಾಲಿಗಳಿಂದ ಮಾಡಿಸಬಹುದು. ಈ ತತ್ತ್ವದ ಮೇಲೆ ಆತನು ಕಲ್ಪಿಸಿದ ಯಂತ್ರಕ್ಕೆ ವ್ಯತ್ಯಾಸ ಯಂತ್ರವೆಂದು ಹೆಸರಾಯಿತು. ಲೆಕ್ಕ ಮಾಡುವುದಲ್ಲದೆ ಉತ್ತರವನ್ನು ತಾನೇ ಅಚ್ಚಿಗೆ ಅಣಿಗೊಳಿಸಬೇಕು, ಮೊಳೆ ಜೋಡಿಸುವವನ ಕೈತಪ್ಪಿಗೂ ಎಡೆಯಿರಬಾರದು, ಎಂಬುದು ಆತನ ಸಂಕಲ್ಪ.

1822ರಲ್ಲಿ ಚಿಕ್ಕದೊಂದು ಮಾದರಿಯನ್ನು ಮಾಡಿ ತೋರಿಸಿದನು. 1823ರಲ್ಲಿ ಸರಕಾರವು 1,500 ಪೌಂಡು ಮಂಜೂರು ಮಾಡಿತು. ಎರಡು ಮೂರು ವರ್ಷಗಳಲ್ಲಿ ಯಂತ್ರವು ಮುಗಿಯುವುದೆಂದು ಬ್ಯಾಬೇಜನು ತಿಳಿದಿದ್ದನು.

ಕೆಲಸವನ್ನು ಜೋಸೆಫ್ ಕ್ಲೆಮೆಂಟ್ ಎಂಬ ಕುಶಲ ಶಿಲ್ಪಿಗೆ ಒಪ್ಪಿಸಲಾಯಿತು. ಯಂತ್ರಕ್ಕೆ ಬೇಕಾದ ಬಿಡಿಭಾಗಗಳು ಸುಮಾರು 25,000. ಒಂದೇ ಬಗೆಯ ಗಾಲಿಗಳು ನೂರಾರು, ಒಂದರಂತೆ ಇನ್ನೊಂದಿರಬೇಕು. ಇಂದು ಕಾರಖಾನೆಯಲ್ಲಿ ಒಂದೇ ಅಚ್ಚಿನಿಂದ ಸಾವಿರ ವಸ್ತು ಹೊರಬೀಳುವುದನ್ನು ಕಂಡ ನಮಗೆ ಇದರ ಕಷ್ಟವು ಅರಿವಾಗದು. ಆಗ ಪ್ರತಿಯೊಂದು ಗಾಲಿಯನ್ನೂ ಬೇರೆಬೇರೆಯಾಗಿ ಕೊರೆಯಬೇಕಾಗಿತ್ತು. ಅದಕ್ಕೆ ಬೇಕಾದ ಉಪಕರಣಗಳು ಇಲ್ಲದಿದ್ದರೆ ಮೊದಲು ಉಪಕರಣಗಳನ್ನೇ ನಿರ್ಮಿಸಬೇಕಾಗಿತ್ತು. ಕ್ಲೆಮೆಂಟನ ಕಾರ್ಯಾಗಾರದಲ್ಲಿ ದುಡಿದವರಲ್ಲಿ ಜೋಸೆಫ್ ವಿಟ್‌ವರ್ತನೂ ಒಬ್ಬನು. ಮುಂದೆ 1841ರಲ್ಲಿ ಇಂಗ್ಲೆಂಡಿನ ತಿರುಪುಮೊಳೆಗಳಿಗೆಲ್ಲ ಒಂದೇ ಅಳತೆಯನ್ನು ಸೂಚಿಸಿ ಖ್ಯಾತನಾದವನು ಈತನೇ. ಮುಗಿಯದ ಯಂತ್ರವೂ ಹೀಗೆ ಒಂದು ಶಾಲೆಯಾಯಿತು.

1827ನೆಯ ವರ್ಷವು ಬ್ಯಾಬೇಜನಿಗೆ ದಾರುಣವಾದುದು. ಅದೊಂದೇ ವರ್ಷದಲ್ಲಿ ತಂದೆ, ಪತ್ನಿ, ಇಬ್ಬರು ಮಕ್ಕಳು ತೀರಿಹೋದರು. ಎದೆಯೊಡೆದು ಯುರೋಪಿನ ಪ್ರವಾಸಕ್ಕೆ ಹೊರಟನು. ಮರಳಿ ಬಂದುದು 1828ರ ಕೊನೆಯಲ್ಲಿ. ಅಷ್ಟರಲ್ಲಿ ಕೇಂಬ್ರಿಜಿನಲ್ಲಿ ಒಮ್ಮೆ ನ್ಯೂಟನನು ಅಲಂಕರಿಸಿದ್ದ ಪ್ರಾಧ್ಯಾಪಕ ಪೀಠವು ಆತನಿಗೆ ದೊರೆತಿತ್ತು. ಹನ್ನೊಂದು ವರ್ಷ ಆ ಪೀಠದಲ್ಲಿದ್ದರೂ ಒಂದು ಪಾಠವನ್ನೂ ಹೇಳಲಿಲ್ಲವೆಂಬುದನ್ನು ಉಪಾಧ್ಯಾಯರಾದ ನಾವು ಸ್ವಲ್ಪ ಅಸಮಾಧಾನದಿಂದಲೇ ಬರೆಯಬೇಕಾಗಿದೆ.

ಅದೇ 1827ರಲ್ಲಿ ಆತನು ಮುಗಿಸಿದ ಕೆಲಸವೂ ಒಂದಿತ್ತು. 1ರಿಂದ 1,08,000ದ ವರೆಗಿನ ಸಂಖ್ಯೆಗಳ ಲಾಗರಿತಮ್ ಕೋಷ್ಟಕವನ್ನು ಯಂತ್ರದ ನೆರವಿಲ್ಲದೆಯೇ, ಹಳೆಯ ಕೋಷ್ಟಕಗಳೊಡನೆ ಮತ್ತೆ ಮತ್ತೆ ತಾಳೆ ನೋಡಿ, ಅಚ್ಚುಹಾಕಿಸಿದನು. ಅದು ನಿರ್ದೋಷತೆಗೆ ಹೆಸರಾಗಿ ಬಹುಕಾಲ ಬಳಕೆಯಲ್ಲಿತ್ತು. ಅಲ್ಲಿಗೆ ತೃಪ್ತನಾದನೇ? ಇಲ್ಲ. ಯಾವ ಬಣ್ಣದ ಕಾಗದದ ಮೇಲೆ ಯಾವ ಬಣ್ಣದ ಮಸಿಯಿದ್ದರೆ ಕಣ್ಣಿಗೆ ಶ್ರಮ ಕಡಿಮೆಯೆಂದು ತಿಳಿಯಲು ನೂರಕ್ಕೂ ಮಿಕ್ಕಿದ ಬಣ್ಣದ ಕಾಗದಗಳ ಮೇಲೆ ಆ ಅಂಕಿಗಳನ್ನು ಮತ್ತೆ ಅಚ್ಚುಮಾಡಿಸಿ ನೋಡಿದನು.

ಇನ್ನು ಯಂತ್ರದ ಕಡೆಗೆ ತಿರುಗೋಣ. 1832ರಲ್ಲಿ ಅದರ ಲೆಕ್ಕದ ಅಂಗದ ಏಳನೆಯ ಒಂದು ಭಾಗ, ಸುಮಾರು 2,000 ಬಿಡಿಭಾಗಗಳನ್ನು ಜೋಡಿಸಿದ ತುಂಡು, ಸಿದ್ಧವಾಯಿತು. ಹಿಡಿಕೆಯನ್ನು ತಿರುಗಿಸಿದರೆ ತಪ್ಪಿಲ್ಲದೆ ಲೆಕ್ಕ ಮಾಡುತ್ತಿತ್ತು. ಬ್ಯಾಬೇಜನು ಅದನ್ನು ಮನೆಗೆ ತಂದು ಅತಿಥಿಗಳಿಗೆ ತೋರಿಸುತ್ತಿದ್ದನು. ಬೆಳ್ಳಿಯ ನರ್ತಕಿಯೂ ಮನೆಗೆ ಬಂದ ಮೇಲೆ ಅತಿಥಿಗಳಲ್ಲಿ ಹೆಚ್ಚಿನವರು ಯಂತ್ರವಿದ್ದ ಕೋಣೆಯನ್ನು ಬಿಟ್ಟು ಅವಳ ಸುತ್ತ ನೆರೆಯುತ್ತಿದ್ದರೆಂಬುದು ಆತನಿಗೆ ನೋವಿನ ಸಂಗತಿಯಾಗಿತ್ತು.

ಆಗಲೇ ವಿಘ್ನವು ಬಂತು. ಕಾರ್ಯಾಗಾರವನ್ನು ಬ್ಯಾಬೇಜನ ಮನೆಯ ಬಳಿಗೆ ಸಾಗಿಸುವ ವಿಷಯದಲ್ಲಿಯೂ ಹಣದ ವಿಷಯದಲ್ಲಿಯೂ ಕ್ಲೆಮೆಂಟನೊಡನೆ ಮನಸ್ತಾಪವುಂಟಾಯಿತು. 1833ರಲ್ಲಿ ಕ್ಲೆಮೆಂಟನು ಕೆಲಸವನ್ನು ನಿಲ್ಲಿಸಿ ಆಳುಗಳನ್ನು ಬಿಡಿಸಿದನು. ಆ ಕಾಲದ ರೂಢಿಯಂತೆ ಹೊಸದಾಗಿ ಮಾಡಿದ ಉಪಕರಣಗಳೆಲ್ಲ ಶಿಲ್ಪಿಯ ಸೊತ್ತು. ನಕ್ಷೆಗಳೂ ಕೆಲಕಾಲ ಆತನ ವಶದಲ್ಲಿಯೇ ಉಳಿದುವು. ನಕ್ಷೆಯಿಲ್ಲದೆ ಕೈಕಟ್ಟಿ ಕುಳಿತ ಬ್ಯಾಬೇಜನು ತನ್ನ ಯಂತ್ರವನ್ನು ಕುರಿತು ಮೊದಲಿನಿಂದ ಚಿಂತಿಸತೊಡಗಿದನು. ಕೈ ನಿಂತಾಗ ಬುದ್ಧಿಯು ಓಡಿತು. ಅದೇ ಆತನ ಭಾಗ್ಯ, ಅದೇ ದೌರ್ಭಾಗ್ಯ.

1834ರಲ್ಲಿ ಹೊಳೆದುದು ವಿಶ್ಲೇಷಕ ಯಂತ್ರ. ಹಿಂದಿನದು ಕೂಡಿಕೆಯನ್ನು ಮಾತ್ರ ಬಲ್ಲುದು. ಇದಾದರೋ ಯಾವ ಲೆಕ್ಕವನ್ನು ಹೇಳಿದರೆ ಆ ಲೆಕ್ಕವನ್ನು ಮಾಡಬಲ್ಲುದು. ಏನು ಮಾಡಬೇಕೆಂಬುದನ್ನು ರಂಧ್ರಗಳುಳ್ಳ ರಟ್ಟುಗಳ ಮೂಲಕ ಯಂತ್ರಕ್ಕೆ ತಿಳಿಸುವುದು. ಈ ರಟ್ಟುಗಳನ್ನು ಬ್ಯಾಬೇಜನು ಪಡೆದುದು ಫ್ರಾನ್ಸಿನ ಜಕಾರ್ಡನ ರೇಷ್ಮೆ ಮಗ್ಗದಿಂದ. ಯಂತ್ರದಲ್ಲಿ ಸಂಖ್ಯೆಗಳನ್ನು ಇಡುವ ಭಾಗಕ್ಕೆ ಉಗ್ರಾಣವೆಂದೂ ಲೆಕ್ಕ ನಡೆಯುವ ಭಾಗಕ್ಕೆ ಗಿರಣಿಯೆಂದೂ ಹೆಸರಿಟ್ಟನು. ಮುಂಬಯಿಯಲ್ಲಿ ಬೆಳೆದ ನಮಗೆ ಗಿರಣಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲಾಲಬಾಗ ಪರಳಗಳ ಗಿರಣಿಗಳು ಮುಚ್ಚಿದ್ದರೂ ಅವುಗಳ ಭೋಂಗಾ ಕೇಳಿ ಎದ್ದ ಹಿರಿಯರು ನಮ್ಮಲ್ಲಿ ಇದ್ದಾರೆ. ನೂಲಿನ ಬದಲು ಸಂಖ್ಯೆಗಳನ್ನು ನೇಯುವ ಗಿರಣಿಯನ್ನು ಬ್ಯಾಬೇಜನು ಮನಸ್ಸಿನಲ್ಲಿ ಕಂಡನು. ಇಂದಿನ ಗಣಕಯಂತ್ರದಲ್ಲಿಯೂ ಈ ಎರಡು ಅಂಗಗಳು ಬೇರೆಬೇರೆಯಾಗಿಯೇ ಇವೆ.

ಹೊಸದು ದೊರೆತ ಮೇಲೆ ಹಳೆಯದರ ಗತಿಯೇನು? ಬ್ಯಾಬೇಜನು ಪ್ರಾಮಾಣಿಕನು. ತನಗೆ ಇನ್ನೂ ಮೇಲಾದ ಯಂತ್ರವು ಹೊಳೆದಿದೆಯೆಂದು ಸರಕಾರಕ್ಕೆ ಬರೆದು ತಿಳಿಸಿದನು. ಹಣ ಕೊಡುವವರ ಕಿವಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಹತ್ತು ವರ್ಷ ಕಳೆದಿದ್ದುವು. ಬೊಕ್ಕಸದಿಂದ 17,000 ಪೌಂಡುಗಳಿಗೂ ಹೆಚ್ಚು ಹೋಗಿತ್ತು. 1831ರಲ್ಲಿ ಉಗಿಬಂಡಿಯ ಎಂಜಿನ್ನೊಂದಕ್ಕೆ 800 ಪೌಂಡಿಗಿಂತ ಕಡಿಮೆ ಬೆಲೆಯಿದ್ದಿತೆಂದರೆ ಆ ಮೊತ್ತದ ಗಾತ್ರವನ್ನು ನೀವೇ ಲೆಕ್ಕ ಹಾಕಿರಿ. ಕೈಗೆ ಬಂದುದು ಒಂದು ತುಂಡು ಮಾತ್ರ. ಅಧಿಕಾರಿಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಎಂಟು ವರ್ಷ ತಳ್ಳುತ್ತ ಹೋಗಿ 1842ರಲ್ಲಿ ಕೈಬಿಟ್ಟೆವೆಂದು ತಿಳಿಸಿದರು. ಪ್ರಧಾನಿ ಪೀಲನನ್ನು ಬ್ಯಾಬೇಜನು ಸ್ವತಃ ಕಂಡು ವಾದಿಸಿದನು. ಸಮಾಧಾನದ ಮಾತು ಆತನಿಗೆ ಬಾರದು. ಭೇಟಿಯು ಜಗಳದಲ್ಲಿ ಮುಗಿಯಿತು.

ವಿಶ್ಲೇಷಕ ಯಂತ್ರದ ಮಹತ್ವವನ್ನು ಚೆನ್ನಾಗಿ ಅರಿತವಳು ಕವಿ ಬೈರನನ ಮಗಳಾದ ಏಡಾ ಲವ್‌ಲೇಸ್. 1843ರಲ್ಲಿ ಆಕೆ ಆ ಯಂತ್ರದ ಮೇಲಣ ಲೇಖನವೊಂದನ್ನು ಅನುವಾದಿಸಿ, ಮೂಲಕ್ಕಿಂತ ದೀರ್ಘವಾದ ಟಿಪ್ಪಣಿಗಳನ್ನು ಬರೆದು ಪ್ರಕಟಿಸಿದಳು. ಆ ಟಿಪ್ಪಣಿಗಳು ಇಲ್ಲದಿದ್ದರೆ ಬ್ಯಾಬೇಜನ ಹಿರಿಮೆಯು ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ತನ್ನ ಯಂತ್ರವನ್ನು ಕುರಿತು ಪೂರ್ಣವಾದ ವಿವರಣೆಯನ್ನು ಬ್ಯಾಬೇಜನೇ ಬರೆದು ಮುಗಿಸಲಿಲ್ಲ. ಇದು ಯಂತ್ರಗಳ ವಿಷಯದಲ್ಲಿ ಮಾತ್ರವಲ್ಲ. 1847ರಲ್ಲಿ ಕಣ್ಣಿನ ಒಳಭಾಗವನ್ನು ನೋಡುವ ಸಾಧನವೊಂದನ್ನು ಆತನು ಮಾಡಿದ್ದನು. ಅದನ್ನು ಪರೀಕ್ಷಿಸಿದ ವೈದ್ಯನು ಉತ್ಸಾಹ ತೋರದ ಕಾರಣ ಮೂಲೆಗಿರಿಸಿದನು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಅಂಥದನ್ನೇ ಪ್ರಕಟಿಸಿ ಕೀರ್ತಿವಂತನಾದನು. ಶತಮಾನಗಳಿಂದ ಯಾರಿಗೂ ಬಗೆಹರಿಯದೆಂದು ಹೆಸರಾಗಿದ್ದ ಗುಪ್ತಲಿಪಿಯನ್ನು ಸುಮಾರು 1854ರಲ್ಲಿ ಬಿಡಿಸಿದನು, ಅದನ್ನೂ ಪ್ರಕಟಿಸಲಿಲ್ಲ. 1863ರಲ್ಲಿ ಅದರ ಶ್ರೇಯಸ್ಸು ಕಾಸಿಸ್ಕಿ ಎಂಬವನಿಗೆ ಹೋಯಿತು.

ಇತ್ತ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಜಾರ್ಜ್ ಷೊಯ್ಟ್ಸ್ ಎಂಬ ಮುದ್ರಕನಿದ್ದನು. ನಾವು ಮೇಲೆ ಹೇಳಿದ ಲಾರ್ಡ್‌ನರನ 1834ರ ಲೇಖನವನ್ನು ಓದಿ ಅವನಿಗೆ ಇಂಥ ಯಂತ್ರವನ್ನು ತಾನೂ ಮಾಡಬೇಕೆನಿಸಿತು. 1837ರಲ್ಲಿ ಅವನ ಮಗ ಎಡ್ವರ್ಡನು ಕೆಲಸವನ್ನು ಕೈಗೆತ್ತಿಕೊಂಡನು. ಆಗ ಅವನ ವಯಸ್ಸು ಹದಿನಾರು. ನಿಮ್ಮಲ್ಲಿ ಹಲವರ ವಯಸ್ಸು. ಅವರಿಗೆ ಕ್ಲೆಮೆಂಟನಂಥ ಶಿಲ್ಪಿಯಿರಲಿಲ್ಲ. ಮನೆಯಲ್ಲಿದ್ದ ಸಾದಾ ಉಪಕರಣಗಳಿಂದ, ಮರವನ್ನೂ ಬಳಸಿ, 1843ರಲ್ಲಿ ಒಂದು ಯಂತ್ರವನ್ನು ಮುಗಿಸಿದರು. ಹತ್ತು ವರ್ಷಗಳ ಮೇಲೆ, 1853ರಲ್ಲಿ, ಲೋಹದ ದೊಡ್ಡ ಯಂತ್ರವೂ ಸಿದ್ಧವಾಯಿತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಮುಂದೆ ಅದನ್ನು ಅಮೆರಿಕದ ಆಲ್ಬನಿಯ ವೇಧಶಾಲೆಗೆ ಕೊಂಡರು. ಅದರ ಪ್ರತಿಯೊಂದನ್ನು ಇಂಗ್ಲೆಂಡಿನ ಸರಕಾರವೇ ಮಾಡಿಸಿಕೊಂಡು 1864ರಲ್ಲಿ ಪ್ರಕಟವಾದ ಆಯುರ್ಮಾನದ ಕೋಷ್ಟಕಗಳಿಗೆ ಉಪಯೋಗಿಸಿತು. ಬ್ಯಾಬೇಜನಿಗೆ ಹಣವಿಲ್ಲವೆಂದ ಸರಕಾರವೇ ಇದು.

ಹಾಗಾದರೆ ಮುಗಿಸಿದವನೇ ಗೆದ್ದನೆನ್ನೋಣವೇ? ನಮ್ಮ ಮನಸ್ಸು ಅಷ್ಟು ಬೇಗ ಒಪ್ಪದು. ಬ್ಯಾಬೇಜನು ತನ್ನ ಯಂತ್ರದಲ್ಲಿ ಒಂದು ನಿಯಮವನ್ನು ಇಟ್ಟಿದ್ದನು: ಗಾಲಿಯು ಕೂದಲೆಳೆ ಜಾರಿದರೂ ಯಂತ್ರವು ಅಲ್ಲಿಯೇ ಬಿಗಿದು ನಿಲ್ಲಬೇಕು, ತಪ್ಪು ಉತ್ತರವನ್ನು ಮಾತ್ರ ಕೊಡಬಾರದು. ಷೊಯ್ಟ್ಸರು ಈ ಕಾವಲನ್ನು ಬಿಟ್ಟುಬಿಟ್ಟರು. ಆದುದರಿಂದಲೇ ಅವರ ಯಂತ್ರವು ಮುಗಿಯಿತು. ಆದುದರಿಂದಲೇ ಅದು ಆಗಾಗ ಕೆಡುತ್ತಿತ್ತು. ಲಂಡನ್ನಿನ ಕಚೇರಿಯಲ್ಲಿ ಅದನ್ನು ಎಡೆಬಿಡದೆ ನೋಡಿಕೊಳ್ಳಬೇಕಾಗಿತ್ತು. ಆ ಕೋಷ್ಟಕಗಳಲ್ಲಿ ಒಂದು ಭಾಗ ಮಾತ್ರ ಯಂತ್ರದಿಂದ ಆಯಿತು, ಉಳಿದುದು ಮನುಷ್ಯರ ಕೈಯಿಂದಲೇ. ತಂದೆಮಕ್ಕಳಿಗೆ ಐಶ್ವರ್ಯವೂ ಬರಲಿಲ್ಲ, ಇಬ್ಬರೂ ದಿವಾಳಿಯಾದರು.

ಇಲ್ಲಿ ಬ್ಯಾಬೇಜನ ನಡತೆಯನ್ನು ಹೇಳದೆ ಬಿಡಲಾಗದು. ಸಿಡುಕನೆಂದು, ಬೀದಿಯ ವಾದ್ಯಗಾರರೊಡನೆ ಕೂಡ ಕಾದಾಡುವವನೆಂದು ಹೆಸರಾಗಿದ್ದ ಈತನು ಸ್ವೀಡನ್ನಿನವರ ವಿಷಯದಲ್ಲಿ ಎಳ್ಳಷ್ಟೂ ಹೊಟ್ಟೆಕಿಚ್ಚು ಪಡಲಿಲ್ಲ. ಅವರನ್ನು ಆದರಿಸಿದನು. ಅವರಿಗೆ ಮನ್ನಣೆ ಸಲ್ಲಬೇಕೆಂದು ವಿದ್ವಾಂಸರ ಮುಂದೆ ವಾದಿಸಿದನು. ತನ್ನ ಮಗ ಹೆನ್ರಿಯಿಂದ ಅವರ ಯಂತ್ರದ ದೊಡ್ಡ ನಕ್ಷೆಗಳನ್ನು ಬರೆಯಿಸಿ ಪ್ರದರ್ಶನಕ್ಕೆ ಇರಿಸಿದನು. ತಾನು ಮುಗಿಸಲಾರದೆ ಹೋದುದನ್ನು ಇನ್ನೊಬ್ಬರು ಮುಗಿಸಿದಾಗ ಹೀಗೆ ನಡೆದುಕೊಳ್ಳುವುದು ಸಾಮಾನ್ಯರ ಕೆಲಸವಲ್ಲ.

1847ರಿಂದ 1849ರ ವರೆಗೆ ಬ್ಯಾಬೇಜನು ತನ್ನ ಮೊದಲ ಯಂತ್ರವನ್ನೇ ಹೊಸದಾಗಿ ಕಲ್ಪಿಸಿ ನಕ್ಷೆ ಬರೆದನು. ವಿಶ್ಲೇಷಕ ಯಂತ್ರಕ್ಕಾಗಿ ಪಟ್ಟ ಶ್ರಮದಿಂದ ಅವನ ಕೈ ಪಳಗಿತ್ತು. 25,000 ಭಾಗಗಳ ಬದಲು ಸುಮಾರು 8,000 ಸಾಕಾದುವು. 31 ಅಂಕಿಗಳ ಸಂಖ್ಯೆಗಳನ್ನು ಅದು ಕೂಡಿಸಬಲ್ಲುದಾಗಿತ್ತು. ನಕ್ಷೆಗಳನ್ನು 1852ರಲ್ಲಿ ಸರಕಾರಕ್ಕೆ ಉಚಿತವಾಗಿ ಒಪ್ಪಿಸಹೋದನು. ಬೇಡವೆಂದರು. ಮೊದಲನೆಯದು ಮುಗಿದಿದ್ದರೆ ಎರಡನೆಯದಕ್ಕೆ ಯಾರೂ ಬೇಡವೆನ್ನುತ್ತಿರಲಿಲ್ಲವೆಂದು ನಮಗೆ ತೋರುತ್ತದೆ. ಆದರೆ ಮೊದಲನೆಯದನ್ನು ಬಿಡದೆ ಇದ್ದಿದ್ದರೆ ಇಷ್ಟು ಚೊಕ್ಕಟವಾದ ಎರಡನೆಯದು ಹುಟ್ಟುತ್ತಿತ್ತೇ? ಈ ಪ್ರಶ್ನೆಯನ್ನು ಮೇಲಿನ ತರಗತಿಯವರು ಚರ್ಚಾಕೂಟದಲ್ಲಿ ಎತ್ತಿಕೊಳ್ಳಬಹುದು.

ಕೊನೆಯ ವರ್ಷಗಳಲ್ಲಿ ಮೌಲ್ಟನ್ ಎಂಬ ತರುಣ ಗಣಿತಜ್ಞನು ಬ್ಯಾಬೇಜನ ಮನೆಗೆ ಹೋಗಿದ್ದನು. ಆ ಭೇಟಿಯನ್ನು ಆತನು ತನ್ನ ಮುಪ್ಪಿನಲ್ಲಿ, 1914ರಲ್ಲಿ, ಸಭೆಯೊಂದರಲ್ಲಿ ನೆನೆದುಕೊಂಡನು. ವೃದ್ಧನು ಅತಿಥಿಯನ್ನು ಮೊದಲನೆಯ ಕೋಣೆಗೆ ಕರೆದೊಯ್ದನು. ಅಲ್ಲಿ ವ್ಯತ್ಯಾಸ ಯಂತ್ರದ ಭಾಗಗಳಿದ್ದುವು. ಮೇಲಾದ ಇನ್ನೊಂದು ಯಂತ್ರವು ಹೊಳೆದುದರಿಂದ ಅದನ್ನು ಬಿಟ್ಟೆನೆಂದು ತಿಳಿಸಿದನು. ಎರಡನೆಯ ಕೋಣೆಯಲ್ಲಿ ವಿಶ್ಲೇಷಕ ಯಂತ್ರದ ಕೆಲವು ಅಂಗಗಳು. ಅದನ್ನು ಮಾಡುತ್ತಿರುವಾಗ ಅದೇ ಕೆಲಸವನ್ನು ಬೇರೊಂದು ರೀತಿಯಲ್ಲಿ ಇನ್ನೂ ಚೆನ್ನಾಗಿ ಮಾಡಿಸುವ ಉಪಾಯ ತೋರಿದುದರಿಂದ ಅದನ್ನೂ ಬಿಟ್ಟಿದ್ದನು. ಮೂರನೆಯ ಕೋಣೆಯಲ್ಲಿ ಕೆಲಸದ ಸಾಮಗ್ರಿಗಳು ಚೆಲ್ಲಿದ್ದುವು. ಯಂತ್ರದ ಗುರುತೇ ಇರಲಿಲ್ಲ. ಹೊಸದು ಇನ್ನೂ ಆಗಿಲ್ಲ, ಆದರೆ ಹಳೆಯದನ್ನು ಮುಗಿಸುವುದಕ್ಕಿಂತ ಹೊಸದನ್ನು ಮೊದಲಿನಿಂದ ಮಾಡುವುದೇ ಬೇಗವೆಂದು ಎಪ್ಪತ್ತು ದಾಟಿದ ಆ ಮುದುಕನು ದೃಢವಾಗಿ ನಂಬಿದ್ದನು. ಮೌಲ್ಟನನು ಭಾರವಾದ ಮನಸ್ಸಿನಿಂದ ಹೊರಬಿದ್ದನು.

1871ನೆಯ ಅಕ್ಟೋಬರ್ 18ರಂದು ಬ್ಯಾಬೇಜನು ಅದೇ ಮನೆಯಲ್ಲಿ ಕಾಲವಾದನು. ಮಗ ಹೆನ್ರಿಯು ಭಾರತದ ಸೈನ್ಯದಲ್ಲಿ ಬಹುಕಾಲ ಅಧಿಕಾರಿಯಾಗಿದ್ದವನು. ನಿವೃತ್ತನಾದ ಮೇಲೆ ತಂದೆಯ ಅಳಿದುಳಿದ ಗಾಲಿಗಳನ್ನು ಆಯ್ದು ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ಕೆಲವು ವಿದ್ಯಾಸಂಸ್ಥೆಗಳಿಗೆ ಕಳುಹಿಸಿದನು. ವಿಶ್ಲೇಷಕ ಯಂತ್ರದ ಗಿರಣಿಯ ಒಂದು ಭಾಗವನ್ನು 1910ರಲ್ಲಿ, ತನ್ನ ಎಂಬತ್ತಾರನೆಯ ವಯಸ್ಸಿನಲ್ಲಿ, ನಡೆಯುವಂತೆ ಮಾಡಿದನು.

ಬ್ಯಾಬೇಜನ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಗಳನ್ನು ಹರಡಿಕೊಂಡು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1985ರಲ್ಲಿ ಯಂತ್ರವನ್ನು ಕಟ್ಟುವ ಯೋಜನೆಯನ್ನು ಕೈಗೊಂಡರು. ಬ್ಯಾಬೇಜನ ಕಾಲದಲ್ಲಿ ಸಾಧ್ಯವಿದ್ದುದಕ್ಕಿಂತ ಹೆಚ್ಚಿನ ನಯವು ಯಾವ ಗಾಲಿಯಲ್ಲಿಯೂ ಇರಬಾರದೆಂದು ತಮಗೆ ತಾವೇ ಕಟ್ಟು ಹಾಕಿಕೊಂಡರು. ನಕ್ಷೆಗಳಲ್ಲಿ ಅಲ್ಲಲ್ಲಿ ಸಣ್ಣ ತಪ್ಪುಗಳು ಸಿಕ್ಕವು, ತಿದ್ದಿದರು. ಆತನು ಹುಟ್ಟಿ ಇನ್ನೂರು ವರ್ಷಗಳಾದ 1991ರಲ್ಲಿ, ಸುಮಾರು 4,000 ಭಾಗಗಳ ಲೆಕ್ಕದ ಅಂಗವು ಸಿದ್ಧವಾಯಿತು. ಹಿಡಿಕೆಯನ್ನು ತಿರುಗಿಸಿದರು. ಉತ್ತರವು ಸರಿಯಾಗಿ ಬಂತು. ಅಚ್ಚಿನ ಅಂಗವು 2002ರಲ್ಲಿ ಮುಗಿಯಿತು. ಅದೇ ಸಂಗ್ರಹದಲ್ಲಿ 1832ರ ಆ ತುಂಡೂ ಇದೆ. ಇಂಗ್ಲೆಂಡಿನ ಸರಕಾರಕ್ಕಾಗಿ ಮಾಡಿದ ಷೊಯ್ಟ್ಸರ ಯಂತ್ರದ ಪ್ರತಿಯೂ ಇದೆ.